ಗೊಳಸಂಗಿಯ ಕಟ್ಟೆ, ದಿಲ್ಲಿಯ ಗದ್ದುಗೆ

ವಿಜಯಪುರದಿಂದ ಹೊಸಪೇಟೆಯ ಕಡೆಗೆ ಹೊರಟ ಬಸ್ಸು ಗೋಳಗುಮ್ಮಟವನ್ನು ಬೆನ್ನಿಗೆ ಹಾಕಿ ಮನಗೂಳಿಯನ್ನು ದಾಟಿದ ಮೇಲೆ, ಕಣ್ಣು ಹಾಯುವಷ್ಟು ದೂರವೂ ಎರೆಯ ಬಯಲೇ ಬಯಲು. ಮರಗಳು ವಿರಳ, ನೆರಳು ಇನ್ನೂ ವಿರಳ. ಮುಂಗಾರಿನಲ್ಲಿ ತೊಗರಿ, ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಇವು ಇಲ್ಲದ ದಿನಗಳಲ್ಲಿ ಬಿರುಕು ಬಿಟ್ಟ ಕಪ್ಪು ನೆಲ. ಈ ಬಯಲಿನ ನಡುವೆ, ನಿಡಗುಂದಿಯನ್ನು ಮುಟ್ಟುವುದಕ್ಕೆ ಮುನ್ನ ಸಿಗುವ ಊರು ಗೊಳಸಂಗಿ.

ಪ್ರವಾಸಿಯು ಇಲ್ಲಿ ಇಳಿಯುವುದು ಅಪರೂಪ. ಗುಮ್ಮಟವನ್ನು ನೋಡಬಂದವನು ವಿಜಯಪುರದಲ್ಲಿಯೇ ತೃಪ್ತನಾಗುತ್ತಾನೆ. ಅಣೆಕಟ್ಟನ್ನು ನೋಡಬೇಕೆಂಬವನು ಆಲಮಟ್ಟಿಗೆ ಓಡುತ್ತಾನೆ. ಬಸವಣ್ಣನವರ ಹುಟ್ಟೂರಿಗೆ ನಡೆದುಕೊಳ್ಳುವವರು ಬಾಗೇವಾಡಿಯ ದಾರಿ ಹಿಡಿಯುತ್ತಾರೆ. ಅವರ ಐಕ್ಯಸ್ಥಳಕ್ಕೆ ಹೋಗುವವರು ಕೃಷ್ಣೆಯನ್ನು ದಾಟಿ ಕೂಡಲಸಂಗಮವನ್ನು ಸೇರುತ್ತಾರೆ. ಈ ಎಲ್ಲ ದಾರಿಗಳ ನಡುವೆ ಕುಳಿತಿರುವ ಗೊಳಸಂಗಿಯು ಹೋಗುವವರನ್ನೂ ಬರುವವರನ್ನೂ ನೋಡುತ್ತ ತನ್ನ ಪಾಡಿಗೆ ತಾನಿದೆ. ನೆರೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವು ಎದ್ದ ಮೇಲೆ, ಒಂದು ಕಾಲಕ್ಕೆ ಮೋಡಗಳನ್ನಷ್ಟೇ ಕಂಡಿದ್ದ ಇಲ್ಲಿಯ ಆಕಾಶದಲ್ಲಿ ಎತ್ತರದ ಚಿಮಣಿಗಳೂ ಕಾಣಿಸತೊಡಗಿವೆ. ಬಾನಿನ ಅಂಚು ಬದಲಾಯಿತು. ಆದರೆ ಈ ಸೀಮೆಯ ಊರುಗಳ ಕಟ್ಟೆಯ ಮಾತು ಬದಲಾಗಿಲ್ಲ.

ಬಸವಣ್ಣನವರ ನೆಲದಲ್ಲಿ ವಾದಕ್ಕೆ ಬರವಿಲ್ಲ. ಮಳೆ, ಬೀಜ, ತೊಗರಿಯ ಧಾರಣೆ ಇವು ಮುಗಿದೊಡನೆ ಮಾತು ರಾಜಕಾರಣಕ್ಕೆ ಹೊರಳುತ್ತದೆ. ಐದು ವರ್ಷಗಳಿಗೊಮ್ಮೆ, ಮುಂಗಾರಿನ ಬಿತ್ತನೆಯ ಹೊತ್ತಿಗೆ, ದಿಲ್ಲಿಯ ರಾಷ್ಟ್ರಪತಿ ಭವನದ ಸುದ್ದಿಯೂ ಪತ್ರಿಕೆಗಳೊಡನೆ ಕಟ್ಟೆಗೆ ಬರುವುದುಂಟು. ಆಗ ಏಳುವ ಪ್ರಶ್ನೆಯು ಹಳೆಯದೇ: ಇಷ್ಟೊಂದು ವಿವಾದಕ್ಕೆ ಸಿಕ್ಕ ಮನುಷ್ಯ ಆ ಗದ್ದುಗೆಯನ್ನು ಏರಬಲ್ಲನೇ? ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವ ಉತ್ಸಾಹದಿಂದ ಒಬ್ಬರು ಗೆಲ್ಲಿಸುತ್ತಾರೆ, ಇನ್ನೊಬ್ಬರು ಸೋಲಿಸುತ್ತಾರೆ. ಕೊನೆಗೆ ಹಿರಿಯರೊಬ್ಬರು ತಂಬಾಕಿನ ಚಂಚಿಯನ್ನು ಕಟ್ಟುತ್ತ, ಮತ ಹಾಕುವವರು ನಾವಲ್ಲವಲ್ಲ ಎಂದು ಮಾತಿಗೆ ತೆರೆ ಎಳೆಯುತ್ತಾರೆ.

ಆ ಮಾತು ಅರ್ಧ ನಿಜ. ರಾಷ್ಟ್ರಪತಿಯ ಚುನಾವಣೆಗೆ ಮತಪೆಟ್ಟಿಗೆಯು ಹಳ್ಳಿಯ ಶಾಲೆಗೆ ಬರುವುದಿಲ್ಲ. ಯಾರ ಬೆರಳಿಗೂ ಶಾಯಿ ತಾಗುವುದಿಲ್ಲ. ಮತ ನೀಡುವವರು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ. ಆದರೆ ಶಾಸಕನ ಮತಕ್ಕೆ ತೂಕ ಬರುವುದು ಅವನ ಸ್ವಂತ ಘನತೆಯಿಂದಲ್ಲ, ಜನರ ತಲೆಯೆಣಿಕೆಯಿಂದ. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸ್ಥಾನಗಳಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕನ ಮತದ ಬೆಲೆ ದೊರೆಯುತ್ತದೆ. 1971ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 2,92,99,014. ಸ್ಥಾನಗಳು 224. ಹೀಗಾಗಿ ಕರ್ನಾಟಕದ ಪ್ರತಿಯೊಬ್ಬ ಶಾಸಕನ ಮತದ ಬೆಲೆ 131. ಸರಳವಾಗಿ ಹೇಳುವುದಾದರೆ, ಸಾವಿರ ತಲೆಗೆ ಒಂದು ಎಣಿಕೆ. ಬಸವನ ಬಾಗೇವಾಡಿ ಕ್ಷೇತ್ರದ ಶಾಸಕನು ವಿಧಾನಸೌಧದಲ್ಲಿ ಮತಪತ್ರವನ್ನು ಮಡಿಸುವಾಗ, ಆ 131ರೊಳಗೆ ಗೊಳಸಂಗಿಯಂಥ ಊರುಗಳ ಪಾಲೂ ಇರುತ್ತದೆ.

ಈ ಪಾಲು ಎಷ್ಟರಮಟ್ಟಿಗೆ ಬೆಲೆಯುಳ್ಳದ್ದು ಎಂಬುದನ್ನು ಅರಿಯಬೇಕಾದರೆ 1969ಕ್ಕೆ ಹಿಂದಿರುಗಬೇಕು. ಆ ವರ್ಷದ ಕಥೆಗೆ ಗೊಳಸಂಗಿಯ ನೆರೆಯೂ ಒಂದು ನಂಟನ್ನು ಇಟ್ಟುಕೊಂಡಿದೆ. ಕೃಷ್ಣೆಯ ಆಚೆಯ ಬಾಗಲಕೋಟೆಯು ಆಗ ಇದೇ ವಿಜಾಪುರ ಜಿಲ್ಲೆಯ ಭಾಗ. 1962ರ ಸಾರ್ವತ್ರಿಕ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತ ಎಸ್. ನಿಜಲಿಂಗಪ್ಪನವರು ಅದೇ ವರ್ಷದ ಉಪಚುನಾವಣೆಯಲ್ಲಿ ಬಾಗಲಕೋಟೆಯಿಂದ ಆರಿಸಿಬಂದರು. ಅಲ್ಲಿಯವರೆಗೆ ಹುನಗುಂದದ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಯ ಹೊಣೆ ಹೊತ್ತಿದ್ದು, ಅನಂತರ ಅದನ್ನು ನಿಜಲಿಂಗಪ್ಪನವರಿಗೆ ಒಪ್ಪಿಸಿದರು. ಹೀಗೆ ಈ ಸೀಮೆಯು ಎತ್ತಿ ಹಿಡಿದ ನಾಯಕರೇ 1969ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು.

ಆ ವರ್ಷದ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ನಿಧನರಾದರು. ಮುಂದಿನವರು ಯಾರು? ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತು. ಹೂವಿನ ಪ್ರದರ್ಶನಗಳಿಗೆ ಹೆಸರಾದ ಆ ಮನೆಯಲ್ಲಿ ಆ ಸಲ ಅರಳಿದುದು ಕಲಹ. ಪಕ್ಷದ ಸಂಸದೀಯ ಮಂಡಳಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನರಾಮರ ಹೆಸರನ್ನು ಸೂಚಿಸಿದರು. ಮಂಡಳಿಯು ನಾಲ್ಕಕ್ಕೆ ಎರಡರ ಬಹುಮತದಿಂದ ಲೋಕಸಭೆಯ ಅಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಪ್ರಧಾನಿಯವರೊಡನೆ ರೆಡ್ಡಿಯವರ ವಿರುದ್ಧ ನಿಂತ ಇನ್ನೊಬ್ಬರು ಫಕ್ರುದ್ದೀನ್ ಅಲಿ ಅಹಮದ್.

ರೆಡ್ಡಿಯವರು ನೆರೆಯ ಅನಂತಪುರ ಜಿಲ್ಲೆಯವರು. ಕನ್ನಡನಾಡಿಗೆ ಹೊರಗಿನವರೆಂದು ಹೇಳುವಂತಿರಲಿಲ್ಲ. 1960ರಲ್ಲಿ ಬೆಂಗಳೂರಿನಲ್ಲಿ ನಡೆದ ಕಾಂಗ್ರೆಸ್ ಮಹಾಧಿವೇಶನಕ್ಕೆ ಅವರದೇ ಅಧ್ಯಕ್ಷತೆ. ಆದರೆ ವಿವಾದವೂ ಅವರ ಬೆನ್ನಿಗಿತ್ತು. ಬಸ್ಸು ಮಾರ್ಗಗಳ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆಡಿದ ಪ್ರತಿಕೂಲ ಮಾತುಗಳ ಕಾರಣದಿಂದ ಅವರು 1964ರಲ್ಲಿ ಆಂಧ್ರದ ಮುಖ್ಯಮಂತ್ರಿ ಪದವಿಯನ್ನು ತೊರೆದಿದ್ದರು. ಈಗ ಅವರು ಪಕ್ಷದ ಹಿರಿಯ ಪಾಳೆಯದ ಉಮೇದುವಾರರೆಂದು ಹೆಸರಾದರು. ಅವರು ಗೆದ್ದರೆ ಪ್ರಧಾನಿಯ ಪೀಠವೇ ಅಲುಗೀತು ಎಂಬ ಅಂಜಿಕೆಯು ಇನ್ನೊಂದು ಪಾಳೆಯದಲ್ಲಿ ಹಬ್ಬಿತು.

ಎದುರಿಗೆ ನಿಂತವರು ವಿ. ವಿ. ಗಿರಿ. ಅವರೂ ಈ ನಾಡಿಗೆ ಪರಿಚಿತರೇ. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಉಪರಾಷ್ಟ್ರಪತಿಯ ಪದವಿಯನ್ನು ಬಿಟ್ಟು ಸ್ವತಂತ್ರರಾಗಿ ಕಣಕ್ಕೆ ಇಳಿದಿದ್ದರು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಪ್ರಧಾನಿಯವರೇ ಕೊನೆಗೆ ಸದಸ್ಯರು ತಮ್ಮ ಆತ್ಮಸಾಕ್ಷಿಯಂತೆ ಮತ ನೀಡಲೆಂದರು. ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಗಳಿಗಾಗಿ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಮುಖಂಡರೊಡನೆ ಮಾತನಾಡಿದುದು ಅವರ ವಿರೋಧಿಗಳಿಗೆ ಅಸ್ತ್ರವಾಯಿತು. ಆ ಪಕ್ಷಗಳ ಮೊದಲ ಆಯ್ಕೆ ಸಿ. ಡಿ. ದೇಶಮುಖರಾಗಿದ್ದರು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಕಣದಲ್ಲಿ 15 ಮಂದಿ. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲುವಿಗೆ ಬೇಕಾದುದು 4,18,169. ಯಾರೂ ಮುಟ್ಟಲಿಲ್ಲ. ಉಳಿದವರ ಮತಪತ್ರಗಳಲ್ಲಿ ಬರೆದಿದ್ದ ಮುಂದಿನ ಪ್ರಾಶಸ್ತ್ಯಗಳನ್ನು ಹಂಚುತ್ತ ಹೋದಂತೆ ರೆಡ್ಡಿಯವರು ಬಿರಬಿರನೆ ಮೇಲೇರಿದರು. ಆದರೆ ಮುಟ್ಟಲಾರದೆ ಉಳಿದರು. ಗಿರಿ 4,20,077, ರೆಡ್ಡಿ 4,05,427. ಅಂತರ 14,650.

ಆ ಅಂತರವನ್ನು ಮೈಸೂರು ರಾಜ್ಯದ ತಕ್ಕಡಿಯಲ್ಲಿ ತೂಗಿ ನೋಡುವುದು ಉಚಿತ. ಆಗ ಬಳಕೆಯಲ್ಲಿದ್ದುದು 1961ರ ಜನಗಣತಿ, 216 ಸ್ಥಾನಗಳು, ಒಬ್ಬ ಶಾಸಕನ ಮತದ ಬೆಲೆ 109. ಇಡೀ ರಾಜ್ಯದ ಶಾಸಕರ ತೂಕ 23,544. ಅಂದರೆ ದೇಶದ ಗದ್ದುಗೆಯನ್ನು ತೀರ್ಮಾನಿಸಿದ ಅಂತರವು ಈ ಒಂದು ರಾಜ್ಯದ ತೂಕಕ್ಕಿಂತ ಬಹಳ ಕಡಿಮೆ. 109ರ ತೂಕದ 68 ಮತಗಳು ಗಿರಿಯವರ ಕಡೆಯಿಂದ ರೆಡ್ಡಿಯವರ ಕಡೆಗೆ ಸರಿದಿದ್ದರೆ ಫಲಿತಾಂಶವೇ ತಿರುವುಮುರುವಾಗುತ್ತಿತ್ತು. ಯಾರು ಎತ್ತ ಸರಿದರೆಂಬುದನ್ನು ಮತಪತ್ರವು ಹೇಳುವುದಿಲ್ಲ, ಅದು ಗುಪ್ತ. ಪಕ್ಷದ ವಿಪ್ ಇಲ್ಲಿ ನಡೆಯುವುದಿಲ್ಲ.

ಗೆದ್ದವರಿಗೂ ವಿವಾದ ತಪ್ಪಲಿಲ್ಲ. ರೆಡ್ಡಿಯವರನ್ನು ಹೀನಾಯವಾಗಿ ಚಿತ್ರಿಸಿದ ಹೆಸರಿಲ್ಲದ ಕರಪತ್ರವೊಂದು ಸಂಸತ್ ಸದಸ್ಯರ ಕೈಗೆ ಹಂಚಿಕೆಯಾಗಿತ್ತು. ಚುನಾವಣೆಯನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, ರಾಷ್ಟ್ರಪತಿ ಗಿರಿಯವರೇ ಸಾಕ್ಷಿ ನುಡಿಯಲು ಹಾಜರಾದರು. 1970ರಲ್ಲಿ ಅರ್ಜಿಗಳು ವಜಾಗೊಂಡವು. ಅಷ್ಟರಲ್ಲಿ, 1969ರ ನವೆಂಬರಿನಲ್ಲಿ, ಕಾಂಗ್ರೆಸ್ಸು ಎರಡಾಗಿ ಹೋಗಿತ್ತು.

ಇಷ್ಟಕ್ಕೆ ಕಥೆ ಮುಗಿದಿದ್ದರೆ, ವಿವಾದಕ್ಕೆ ಸಿಕ್ಕವನು ಗೆಲ್ಲಲಾರ ಎಂದು ಕಟ್ಟೆಯಲ್ಲಿ ತೀರ್ಪು ಕೊಡಬಹುದಾಗಿತ್ತು. ಕಾಲವು ಹಾಗೆ ಬಿಡಲಿಲ್ಲ. ಬೆಂಗಳೂರಿನಲ್ಲಿ ರೆಡ್ಡಿಯವರ ವಿರುದ್ಧ ನಿಂತಿದ್ದ ಫಕ್ರುದ್ದೀನ್ ಅಲಿ ಅಹಮದರು 1974ರಲ್ಲಿ ರಾಷ್ಟ್ರಪತಿಯಾದರು. 1977ರ ಫೆಬ್ರವರಿ 11ರಂದು ನಿಧನರಾದರು. ಆಗ ಹಂಗಾಮಿ ರಾಷ್ಟ್ರಪತಿಯಾಗಿ ಆ ಗದ್ದುಗೆಯ ಮೇಲೆ ಕುಳಿತವರು ಇದೇ ಹಳೆಯ ವಿಜಾಪುರ ಜಿಲ್ಲೆಯ ಮಗ, ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು. ಅವರನ್ನೂ ವಿವಾದ ಬಿಡಲಿಲ್ಲ. ಆ ಏಪ್ರಿಲಿನಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಸರ್ಕಾರ ಸಲಹೆ ಮಾಡಿದಾಗ ಅವರು ಕೂಡಲೇ ಸಹಿ ಹಾಕದೆ ತಡೆದರು, ದೇಶದಲ್ಲಿ ಗದ್ದಲವೆದ್ದಿತು, ಏಪ್ರಿಲ್ 30ರಂದು ಸಹಿ ಬಿತ್ತು.

ಆ ಜುಲೈನಲ್ಲಿ ಮತ್ತೆ ರಾಷ್ಟ್ರಪತಿಯ ಚುನಾವಣೆ. 37 ಮಂದಿ ನಾಮಪತ್ರ ಸಲ್ಲಿಸಿದರು; 36 ತಿರಸ್ಕೃತವಾದವು. ಉಳಿದುದೊಂದೇ ಹೆಸರು, ನೀಲಂ ಸಂಜೀವ ರೆಡ್ಡಿ. ಎಂಟು ವರ್ಷಗಳ ಹಿಂದೆ ನಾಲ್ಕು ಲಕ್ಷದ ಮೇಲೆ ಮತ ಪಡೆದೂ ಸೋತವರು ಈಗ ಒಂದು ಮತವೂ ಬೀಳದೆ ಗೆದ್ದರು. ಜುಲೈ 25ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಸಾವಳಗಿಯ ಜತ್ತಿಯವರು ಹಂಗಾಮಿ ಹೊಣೆಯಿಂದ ಬಿಡುಗಡೆ ಹೊಂದಿದರು. ರೆಡ್ಡಿಯವರು 1996ರ ಜೂನ್ 1ರಂದು ಕಣ್ಣು ಮುಚ್ಚಿದುದು, ಒಮ್ಮೆ ತಮ್ಮ ಹೆಸರು ಅಷ್ಟು ಕೋಲಾಹಲ ಎಬ್ಬಿಸಿದ ಬೆಂಗಳೂರಿನಲ್ಲಿಯೇ.

ಒಬ್ಬನೇ ಮನುಷ್ಯ, ಒಮ್ಮೆ ಸೋಲು, ಒಮ್ಮೆ ಎದುರಿಲ್ಲದ ಗೆಲುವು. ನಡುವೆ ಅವರ ಹಳೆಯ ವಿವಾದ ಅಳಿಸಿಹೋಗಿರಲಿಲ್ಲ, ಹೊಸ ಕಳಶವೇನೂ ಏರಿರಲಿಲ್ಲ. ಬದಲಾದುದು ಮತ ನೀಡುವವರ ಗುಂಪು. ಆದುದರಿಂದ ವಿವಾದಕ್ಕೆ ಸಿಕ್ಕವನು ಗೆಲ್ಲಬಲ್ಲನೇ ಎಂಬ ಪ್ರಶ್ನೆಗೆ ಉತ್ತರವನ್ನು ಆ ಮನುಷ್ಯನ ಗುಣದೋಷಗಳಲ್ಲಿ ಮಾತ್ರ ಹುಡುಕಿದರೆ ಸಿಗುವುದಿಲ್ಲ. ತಮ್ಮ ತೂಕವನ್ನು ಹೊತ್ತುಹೋದವನು ಅದನ್ನು ಯಾರ ತಟ್ಟೆಗೆ ಹಾಕಿದ, ಏಕೆ ಹಾಕಿದ ಎಂದು ಜನರು ಕೇಳುತ್ತಾರೆಯೇ ಎಂಬುದರಲ್ಲಿಯೂ ಅದು ಅಡಗಿದೆ. ಆತ್ಮಸಾಕ್ಷಿಯ ಮತ ಒಳ್ಳೆಯದೇ. ಆದರೆ ಆ ಆತ್ಮಸಾಕ್ಷಿಯ ಹಿಂದೆ ಸಾವಿರಕ್ಕೆ ಒಂದರಂತೆ ಎಣಿಸಿದ ತಲೆಗಳಿರುವಾಗ, ಅದು ಒಬ್ಬನ ಮನೆಯ ಆಸ್ತಿಯಾಗಲಾರದು.

ಗೊಳಸಂಗಿಯಿಂದ ದಕ್ಷಿಣಕ್ಕೆ ನಿಡಗುಂದಿಯನ್ನು ದಾಟಿ ಮುಂದುವರಿದರೆ ಈ ಎಣಿಕೆಯ ಇನ್ನೊಂದು ಮುಖ ಕಾಣುತ್ತದೆ. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟಿನ ಹಿಂದೆ ಕೃಷ್ಣೆಯು ಸಮುದ್ರದಂತೆ ಹರಡಿದ್ದಾಳೆ. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಇಲ್ಲಿಗೆ ಬಂದು ಈ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ದಿಲ್ಲಿಯ ಗದ್ದುಗೆಯವರು ಈ ಸೀಮೆಯ ಮಣ್ಣನ್ನು ಮೆಟ್ಟಿದ ದಿನ ಅದು. ಹಿನ್ನೀರಿನ ಅಡಿಯಲ್ಲಿ ಹಳೆಯ ಕೊಲ್ಹಾರವಿದೆ, ಹಳೆಯ ಬಾಗಲಕೋಟೆಯ ಓಣಿಗಳಿವೆ, ಎಷ್ಟೋ ಹಳ್ಳಿಗಳ ಹೊಲಮನೆಗಳಿವೆ. ಸಂವಿಧಾನದ ತಿದ್ದುಪಡಿಯಂತೆ, 2026ರ ಅನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ರಾಷ್ಟ್ರಪತಿಯ ಚುನಾವಣೆಗೆ 1971ರ ಎಣಿಕೆಯೇ ಆಧಾರ. 2022ರ ಜುಲೈನಲ್ಲಿ ದ್ರೌಪದಿ ಮುರ್ಮು ಅವರು ಗೆದ್ದಾಗಲೂ ಕರ್ನಾಟಕದ ಶಾಸಕನ ಮತದ ಬೆಲೆ 131 ಆಗಿದ್ದುದು ಇದರಿಂದಲೇ. ಮುಳುಗಿದ ಆ ಮನೆಗಳಲ್ಲಿ 1971ರಲ್ಲಿ ಒಲೆ ಉರಿಯುತ್ತಿತ್ತು. ಗಣತಿಯವರು ಹೊಸ್ತಿಲಲ್ಲಿ ನಿಂತು ತಲೆಗಳನ್ನು ಬರೆದುಕೊಂಡು ಹೋಗಿದ್ದರು. ಮನೆಗಳು ಹೋದವು, ಜನರು ಹೊಸ ಊರುಗಳಿಗೆ ಚೆದುರಿದರು, ಎಷ್ಟೋ ಮಂದಿ ಕಾಲವಾದರು. ಆ ಎಣಿಕೆ ಮಾತ್ರ ದೇಶದ ಮೊದಲ ಪ್ರಜೆಯನ್ನು ಆರಿಸುವ ತಕ್ಕಡಿಯಲ್ಲಿ ಇಂದಿಗೂ ಉಳಿದಿದೆ.

ಕಣದಲ್ಲಿ ರಾಶಿ ಮಾಡಿದ ರೈತನು ಜೋಳದ ಚೀಲಗಳನ್ನು ಬಂಡಿಗೆ ಏರಿಸಿ ಸುಮ್ಮನೆ ಮನೆಗೆ ಹೋಗುವುದಿಲ್ಲ. ಯಾವ ಪೇಟೆಗೆ ಹೋಯಿತು, ಯಾರ ಅಂಗಡಿಯಲ್ಲಿ ತೂಗಿದರು, ಎಷ್ಟಕ್ಕೆ ಕೊಟ್ಟರು ಎಂದು ಬಂಡಿ ಹೊಡೆದವನನ್ನು ಕೇಳಿಯೇ ಕೇಳುತ್ತಾನೆ. ದಿಲ್ಲಿಗೆ ಹೋದ ತನ್ನ ತೂಕದ ವಿಷಯದಲ್ಲಿಯೂ ಗೊಳಸಂಗಿಯ ಕಟ್ಟೆಯು ಆ ಲೆಕ್ಕವನ್ನು ಕೇಳಬಲ್ಲುದು. ಮತಪತ್ರ ಗುಪ್ತವಾದುದರಿಂದ ಉತ್ತರ ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ಆದರೆ ಕೇಳಬಾರದೆಂಬ ಕಟ್ಟಳೆಯೂ ಇಲ್ಲ.