ಮುಂದಿನ ಸಂಪುಟ ಎಂದಿಗೆ?

ಧಾರಾವಾಹಿಯ ರುಚಿ ಹತ್ತಿದವರಿಗೆ ಪುಟದ ಅಡಿಯಲ್ಲಿ ಅಚ್ಚಾಗುವ ‘ಮುಂದುವರಿಯುವುದು’ ಎಂಬ ಒಂದೇ ಒಂದು ಪದದ ಕ್ರೌರ್ಯವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಕಥಾನಾಯಕಿ ಬಾವಿಯ ಕಟ್ಟೆಯನ್ನೇರಿ ನಿಂತಿರುತ್ತಾಳೆ. ಅಷ್ಟಕ್ಕೆ ಆ ವಾರದ ಕಂತು ಮುಗಿಯುತ್ತದೆ. ಆದರೂ ಅಲ್ಲಿ ಕಾಯಬೇಕಾದದ್ದು ಏಳೇ ದಿನ. ಮುಂದಿನ ವಾರ ಪತ್ರಿಕೆಯ ಹುಡುಗ ಬಂದೇ ಬರುತ್ತಾನೆ; ಅವಳು ಹಾರಿದಳೋ ಇಳಿದಳೋ ಎಂಬುದು ಕಾಫಿ ಆರುವುದರೊಳಗೆ ತಿಳಿದುಹೋಗುತ್ತದೆ. ಈ ಏಳು ದಿನಗಳ ಬದಲು ಹನ್ನೆರಡು ವರ್ಷ ಕಾಯಬೇಕಾಗಿ ಬಂದರೆ? ಇಂಗ್ಲಿಷಿನ ಮಹಾ ಅದ್ಭುತಕಥಾಮಾಲೆಗಳಿಗೆ ಮನಸೋತವರ ಪಾಡು ಅಂಥದು.

ಈ ಮಾಲೆಗಳಲ್ಲಿ ನೆಲವೂ ಕಲ್ಪಿತ, ಕುಲವೂ ಕಲ್ಪಿತ. ಮೊದಲ ಹಾಳೆಯಲ್ಲಿ ಭೂಪಟ, ಕೊನೆಯಲ್ಲಿ ರಾಜವಂಶಗಳ ಪಟ್ಟಿ. ನಡುವೆ ಎಂಟುನೂರೋ ಸಾವಿರವೋ ಪುಟಗಳ ಯುದ್ಧ, ವಂಚನೆ, ಮಂತ್ರತಂತ್ರ. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಲೇಖಕ 1996ರಲ್ಲಿ ‘ಎ ಗೇಮ್ ಆಫ್ ಥ್ರೋನ್ಸ್’ ಎಂಬ ಮೊದಲ ಸಂಪುಟವನ್ನು ಹೊರತಂದಾಗ, ಅದನ್ನು ಕೊಂಡ ಹದಿನೆಂಟರ ತರುಣನೊಬ್ಬನನ್ನು ಊಹಿಸಿಕೊಳ್ಳಬಹುದು. ಮೂರು ಸಂಪುಟಗಳಲ್ಲಿ ಕಥೆಯನ್ನು ಮುಗಿಸುವುದು ಲೇಖಕನ ಮೂಲ ಸಂಕಲ್ಪವಾಗಿತ್ತು. 1998ರಲ್ಲಿ ಎರಡನೆಯದು ಬಂತು, 2000ದಲ್ಲಿ ಮೂರನೆಯದು. ಕಥೆ ಮಾತ್ರ ಮುಗಿಯುವ ಬದಲು ಕವಲೊಡೆದು ಬೆಳೆಯಿತು. ಸಂಕಲ್ಪ ಏಳು ಸಂಪುಟಗಳಿಗೆ ಏರಿತು. ನಾಲ್ಕನೆಯದಕ್ಕೆ ಐದು ವರ್ಷ ಹಿಡಿಯಿತು. 2005ರಲ್ಲಿ ಅದನ್ನು ಆತುರದಿಂದ ಬಿಡಿಸಿದರೆ, ಓದುಗರ ಮೆಚ್ಚಿನ ಪಾತ್ರಗಳಲ್ಲಿ ಅನೇಕರ ಸುಳಿವೇ ಇಲ್ಲ! ಪುಸ್ತಕ ಮಿತಿಮೀರಿ ಬೆಳೆದುದರಿಂದ ಪಾತ್ರಗಳನ್ನು ಎರಡು ಪಾಲು ಮಾಡಿ ಒಂದು ಪಾಲನ್ನು ಮಾತ್ರ ಅಚ್ಚು ಹಾಕಿಸಲಾಗಿತ್ತು. ಉಳಿದವರೆಲ್ಲ ಮುಂದಿನ ವರ್ಷ ಬರುವರೆಂಬ ಆಸೆಯನ್ನು ಲೇಖಕನೇ ಕೊನೆಯ ಟಿಪ್ಪಣಿಯಲ್ಲಿ ವ್ಯಕ್ತಪಡಿಸಿದ್ದ. ಅವರು ಬಂದದ್ದು 2011ರ ಜುಲೈಯಲ್ಲಿ. ಅಷ್ಟರಲ್ಲಿ ನಮ್ಮ ತರುಣನಿಗೆ ಮೂವತ್ತಮೂರು.

ಆರನೆಯ ಸಂಪುಟಕ್ಕೆ ‘ದಿ ವಿಂಡ್ಸ್ ಆಫ್ ವಿಂಟರ್’ ಎಂಬ ಹೆಸರು ಸಿದ್ಧವಾಗಿದೆ. ಹೆಸರಷ್ಟೇ. 2011ರಿಂದೀಚೆಗೆ ಒಂದು ವ್ಯಾಳವಟ್ಟಕ್ಕಿಂತ ಹೆಚ್ಚು ಕಾಲ ಕಳೆದರೂ ಪುಸ್ತಕ ಅಂಗಡಿಯ ಮುಖ ಕಂಡಿಲ್ಲ. ಗಡುವುಗಳು ತಪ್ಪಿದುವೆಂದು 2016ರ ಜನವರಿಯಲ್ಲಿ ಲೇಖಕನೇ ಖೇದದಿಂದ ತಿಳಿಸಿದ. ಈ ನಡುವೆ ಕಥೆ 2011ರಲ್ಲಿ ಟೆಲಿವಿಷನ್ನಿಗೆ ಹತ್ತಿ, ಪುಸ್ತಕವನ್ನು ಹಿಂದೆ ಹಾಕಿ, 2019ರಲ್ಲಿ ತನ್ನದೇ ರೀತಿಯಲ್ಲಿ ಮುಗಿದೂ ಹೋಯಿತು. ಇಪ್ಪತ್ತಮೂರು ವರ್ಷ ಪುಟಗಳನ್ನು ಕಾಯ್ದವನಿಗಿಂತ ಮೊದಲು, ಒಂದು ಪುಟವನ್ನೂ ತಿರುವದ ನೆರೆಮನೆಯಾತನಿಗೆ ಸಿಂಹಾಸನ ಯಾರ ಪಾಲಾಯಿತೆಂಬುದು ಗೊತ್ತಾಯಿತು. ಇದಕ್ಕಿಂತ ದೊಡ್ಡ ಅವಮಾನ ಓದುಗನಿಗೆ ಉಂಟೆ?

ಇಷ್ಟಕ್ಕೂ ಈ ಸಿಟ್ಟು ನ್ಯಾಯವೆ? ಹಣ ತೆತ್ತದ್ದು ಒಂದು ಸಂಪುಟಕ್ಕೆ, ಆ ಸಂಪುಟ ಕೈಸೇರಿದೆ. ಅಲ್ಲಿಗೆ ಲೆಕ್ಕ ಚುಕ್ತಾ, ಲೇಖಕ ಯಾರ ಆಳೂ ಅಲ್ಲ ಎಂದು ವಾದಿಸುವವರಿದ್ದಾರೆ. ವಾದ ಸರಿಯಾದದ್ದೇ. ಆದರೆ ಓದುಗ ಹೂಡಿದ್ದು ಹಣವೊಂದನ್ನೇ ಅಲ್ಲವಲ್ಲ. ನೂರಾರು ಹೆಸರುಗಳನ್ನು, ಅವರವರ ಹಗೆ ಸ್ನೇಹಗಳನ್ನು ತಲೆಯಲ್ಲಿ ಹೊತ್ತು ತಿರುಗಬೇಕು. ಐದಾರು ವರ್ಷಗಳಲ್ಲಿ ಮರೆತುಹೋಗುತ್ತದೆ. ಹೊಸ ಸಂಪುಟ ಬಂದಾಗ ಮತ್ತೆ ಮೊದಲಿನಿಂದ ಓದಬೇಕು. ಬೇಸತ್ತ ಕೆಲವರು ಮಾಲೆ ಪೂರ್ತಿಯಾಗುವ ವರೆಗೆ ಮೊದಲ ಪುಸ್ತಕವನ್ನೇ ಮುಟ್ಟುವುದಿಲ್ಲವೆಂದು ಪಣ ತೊಟ್ಟಿದ್ದಾರೆ. ಪಾಪ, ಆ ಪಣದಿಂದ ಪೆಟ್ಟು ಬೀಳುವುದು ಹೊಸ ಲೇಖಕನಿಗೆ: ಮೊದಲನೆಯದು ಮಾರಾಟವಾಗದಿದ್ದರೆ ಎರಡನೆಯದಕ್ಕೆ ಪ್ರಕಾಶಕ ಕೈಹಾಕುವನೆ?

ಕಾಯುವವನು ಗುಟ್ಟಾಗಿ ಮಾಡುವ ಮತ್ತೊಂದು ಲೆಕ್ಕವುಂಟು. ಮಾರ್ಟಿನ್ ಹುಟ್ಟಿದ್ದು 1948ರಲ್ಲಿ. ಇನ್ನೊಬ್ಬನ ವಯಸ್ಸನ್ನು ಹೀಗೆ ಎಣಿಸುವುದು ಸಭ್ಯತೆಯಲ್ಲವೆಂದು ಎಣಿಸುವವನಿಗೂ ಗೊತ್ತು. ಲೇಖಕನಂತೂ ಇಂಥ ಪ್ರಶ್ನೆಗೆ ಬಹಿರಂಗವಾಗಿಯೇ ಸಿಡಿದುಬಿದ್ದಿದ್ದಾನೆ. ಆದರೂ ಲೆಕ್ಕ ನಿಲ್ಲದು, ಅದಕ್ಕೆ ಕಾರಣವಿದೆ.

ಅದೇ 1948ರಲ್ಲಿ ಹುಟ್ಟಿದ ರಾಬರ್ಟ್ ಜೋರ್ಡನ್ ‘ದಿ ವ್ಹೀಲ್ ಆಫ್ ಟೈಮ್’ ಮಾಲೆಯನ್ನು ಆರಂಭಿಸಿದ್ದು 1990ರಲ್ಲಿ. ಮೊದಮೊದಲು ಸಂಪುಟಗಳು ಬೇಗ ಬೇಗ ಬಂದುವು; ಬರಬರುತ್ತ ಅವು ದಪ್ಪವಾದಂತೆ ಕಥೆ ಮಂದವಾಯಿತು. 2003ರ ಹತ್ತನೆಯ ಸಂಪುಟದಲ್ಲಿ ಆರುನೂರಕ್ಕೂ ಮಿಕ್ಕ ಪುಟಗಳಿದ್ದರೂ ಕಥೆ ನಿಂತಲ್ಲೇ ನಿಂತಿದೆಯೆಂದು ಓದುಗರು ಗೊಣಗಿದರು, ಗೇಲಿ ಮಾಡಿದರು. ಲೇಖಕನಿಗೆ ಹೃದಯದ ಅಪರೂಪ ರೋಗ ತಗಲಿದ ಸುದ್ದಿ 2006ರಲ್ಲಿ ಬಂತು. 2007ರ ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡ. ಗೊಣಗಿದ್ದವರ ಬಾಯಿ ಕಟ್ಟಿಹೋಯಿತು. ಕಡೆಯ ದಿನಗಳಲ್ಲಿ ಆತ ಉಳಿದ ಕಥೆಯನ್ನು ಮನೆಯವರಿಗೆ ಹೇಳಿದ್ದ. ಕೊನೆಯ ದೃಶ್ಯವನ್ನು ಬರೆದೂ ಇಟ್ಟಿದ್ದ. ಸಂಪಾದಕಿಯೂ ಆಗಿದ್ದ ಪತ್ನಿ ಹ್ಯಾರಿಯೆಟ್ ಮೆಕ್‌ಡೂಗಲ್, ಚಿಕ್ಕಂದಿನಿಂದ ಆ ಮಾಲೆಯನ್ನೇ ಓದಿ ಬೆಳೆದಿದ್ದ ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಯುವ ಲೇಖಕನನ್ನು ಆರಿಸಿದಳು. ಒಂದೇ ಆಗಬೇಕಾಗಿದ್ದ ಕೊನೆಯ ಸಂಪುಟ ಮೂರಾಗಿ, 2013ರಲ್ಲಿ ಕಥೆ ಮುಕ್ತಾಯ ಕಂಡಿತು.

ಗದುಗಿನ ನಾರಣಪ್ಪ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಪೂರೈಸಿದ್ದನ್ನು ಬಲ್ಲ ಕನ್ನಡಿಗರಿಗೆ ಇದು ತೀರ ಹೊಸದೆನಿಸದು. ಆದರೆ ಒಂದು ವ್ಯತ್ಯಾಸವಿದೆ. ಪಾಂಡವರು ಗೆದ್ದರೆಂಬುದು ತಿಮ್ಮಣ್ಣನ ಕೇಳುಗರಿಗೆಲ್ಲ ಗೊತ್ತೇ ಇತ್ತು. ಯಾರೂ ಅಂತ್ಯಕ್ಕಾಗಿ ನಿದ್ದೆಗೆಡಲಿಲ್ಲ. ಈಗಿನ ಮಾಲೆಯ ಅಂತ್ಯವಾದರೋ ಒಬ್ಬನೇ ಒಬ್ಬ ಮನುಷ್ಯನ ತಲೆಯಲ್ಲಿರುತ್ತದೆ.

ಅಲ್ಲಿಯಾದರೂ ಇರುತ್ತದೆಯೆ? ಸ್ಟೀಫನ್ ಕಿಂಗ್ 1982ರಲ್ಲಿ ‘ದಿ ಡಾರ್ಕ್ ಟವರ್’ ಮಾಲೆಯ ಮೊದಲ ಪುಸ್ತಕವನ್ನು ಪ್ರಕಟಿಸಿದ. 1991ರ ಮೂರನೆಯ ಸಂಪುಟದಲ್ಲಿ ಪಾತ್ರಗಳನ್ನು ಹುಚ್ಚು ರೈಲೊಂದಕ್ಕೆ ಹತ್ತಿಸಿ, ಆ ರೈಲಿಗೆ ಬಿಡಿಸಲಾಗದ ಒಗಟು ಒಡ್ಡಿದರೆ ಜೀವ, ಇಲ್ಲವಾದರೆ ಸಾವು ಎಂಬಲ್ಲಿಗೆ ನಿಲ್ಲಿಸಿದವನು ಆರು ವರ್ಷ ಸುಮ್ಮನಿದ್ದ. ಆ ಮಾಲೆಯ ಅಂತ್ಯ ಕೇಳಿ ಬಂದ ಎರಡು ಕಾಗದಗಳನ್ನು ಆತ ಮುಂದೆ ಮುನ್ನುಡಿಯೊಂದರಲ್ಲಿ ನೆನೆದಿದ್ದಾನೆ. ಒಂದು ಮರಣದಂಡನೆಗೆ ಕಾದಿದ್ದ ಸೆರೆಯಾಳಿನದು. ಇನ್ನೊಂದು, ಕ್ಯಾನ್ಸರ್ ಅಡರಿದ್ದ ಎಂಬತ್ತೆರಡರ ಅಜ್ಜಿಯದು: ತನಗುಳಿದಿರುವುದು ಒಂದು ವರ್ಷ, ಬಹಳವೆಂದರೆ ಹದಿನಾಲ್ಕು ತಿಂಗಳು, ಕಥೆ ಹೇಗೆ ಮುಗಿಯುತ್ತದೆಂದು ತನಗೊಬ್ಬಳಿಗೆ ತಿಳಿಸಿದರೆ ಸಾಕು, ಯಾರಿಗೂ ಹೇಳುವುದಿಲ್ಲ. ಕಿಂಗ್ ತಿಳಿಸಲಿಲ್ಲ. ಬರೆಯದೆ ತಿಳಿಯುವಂತಿರಲಿಲ್ಲ, ಅಂತ್ಯ ಅವನಿಗೇ ಗೊತ್ತಿರಲಿಲ್ಲ.

ಏಳನೆಯ ಸಂಪುಟ 2004ರಲ್ಲಿ ಬಂತು. ಅದರ ಕಡೆಯ ಅಧ್ಯಾಯಕ್ಕೆ ಮುನ್ನ ಲೇಖಕ ಓದುಗನನ್ನು ತಡೆದು, ಇಲ್ಲಿಗೇ ಪುಸ್ತಕ ಮುಚ್ಚಿಟ್ಟರೆ ಒಳಿತೆಂದು ಬುದ್ಧಿ ಹೇಳುತ್ತಾನೆ. ಇಪ್ಪತ್ತೆರಡು ವರ್ಷ ಕಾದವರಲ್ಲಿ ಎಷ್ಟು ಮಂದಿ ಆ ಮಾತು ಕೇಳಿಯಾರು!