ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಬಂತು, ನುಡಿ ಬರಲಿಲ್ಲ

ಯಲಹಂಕ, ಹೆಬ್ಬಾಳದ ಕಡೆ ಸುದ್ದಿ ಮಾಡುವ ಸ್ಟ್ರಿಂಗರ್ ನಾನು. ಸುದ್ದಿಗಿಷ್ಟು ಅಂತ ದುಡ್ಡು ಬರುವ ಕೆಲಸದಲ್ಲಿ ಹೊಸ ಲ್ಯಾಪ್‌ಟಾಪ್ ದೂರದ ಮಾತು. ನನ್ನದು ಸೆಕೆಂಡ್ ಹ್ಯಾಂಡ್, 4 ಜಿಬಿ ರ‍್ಯಾಮ್. ಆನ್ ಮಾಡಿ ಟೀ ಕುಡಿದು ಬಂದರೂ ಪರದೆ ಮೇಲೆ ಚಕ್ರ ಸುತ್ತುತ್ತಿರುತ್ತಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳೂ ಮುಗಿದವು. ವಿಂಡೋಸ್ 11 ಕೇಳುವ ಟಿಪಿಎಂ 2.0 ನನ್ನ ಯಂತ್ರದಲ್ಲಿಲ್ಲ. ಮೊದಲಿಂದಲೂ ಇಂಥದ್ದನ್ನು ಬಿಚ್ಚಿ ನೋಡುವ ಹುಚ್ಚು ನನಗಿದೆ. ಸರಿ, ಲಿನಕ್ಸ್ ನೋಡೇಬಿಡೋಣ ಅಂತ ಕೂತೆ.

ಲಿನಕ್ಸ್ ಅಂದರೆ ಗಾಬರಿ ಬೇಡ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ನಡೆಯುವುದೂ ಲಿನಕ್ಸೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲೇ ಕಲಿಯುತ್ತಾರೆ.

ಇದರಲ್ಲಿ ಬಗೆಬಗೆ ಇವೆ. ಉಬುಂಟು, ಲುಬುಂಟು, ಲಿನಕ್ಸ್ ಮಿಂಟ್ ಮೂರನ್ನೂ ಒಂದೊಂದು ವಾರ ಬಳಸಿದೆ. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಬಹುದು ಅನ್ನುವುದೇ ದೊಡ್ಡ ಅನುಕೂಲ. ಒಂದರಲ್ಲಿ ವೈಫೈ ಸಿಗಲಿಲ್ಲ, ಫೋನನ್ನು ಕೇಬಲ್ಲಿಗೆ ಸಿಕ್ಕಿಸಿ ನೆಟ್ ಕೊಟ್ಟು ಡ್ರೈವರ್ ಇಳಿಸಿಕೊಂಡೆ. ಕೊನೆಗೆ ಮಿಂಟ್‌ನ ಹಗುರ ಆವೃತ್ತಿಯಾದ ಎಕ್ಸ್‌ಎಫ್‌ಸಿಇಯನ್ನೇ ಉಳಿಸಿಕೊಂಡೆ. ಟೀಗೆ ನೀರಿಡುವಷ್ಟರಲ್ಲಿ ಲ್ಯಾಪ್‌ಟಾಪ್ ತಯಾರು. ಬ್ರೌಸರ್, ಲಿಬ್ರೆ ಆಫೀಸ್, ಫೋಟೊ ಕತ್ತರಿಸುವುದು ಎಲ್ಲ ಸಲೀಸು.

ಕನ್ನಡದ ಟೈಪಿಂಗೂ ಕಷ್ಟವಾಗಲಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ, ಕಗಪ’ ಅಂತಲೇ ಇದೆ. ಕಗಪ ಅಂದರೆ ನುಡಿ ತಂತ್ರಾಂಶ ತಂದ ನಮ್ಮ ಕನ್ನಡ ಗಣಕ ಪರಿಷತ್ತು. ಒಂದೆರಡು ಕೀಲಿ ಬೇರೆ ಅನ್ನಿಸಿದರೂ ಎರಡೇ ದಿನದಲ್ಲಿ ಬೆರಳು ಕುದುರಿತು.

ತೊಡಕು ಬಂದದ್ದು ಪತ್ರಿಕೆಯ ಡೆಸ್ಕಿನಿಂದ. ಅಲ್ಲಿಂದ ಬಂದ ಫೈಲ್ ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆಗಳ ಕಲಸುಮೇಲೋಗರ. ಅದು ನುಡಿಯ ಹಳೇ ಆಸ್ಕಿ ಫಾಂಟಿನ ಫೈಲ್. ಆಸ್ಕಿ ಪಠ್ಯ ಒಳಗೆ ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ಹಾಗಾಗಿಯೇ ಈ ಬರಹ ನಿಮ್ಮ ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ.

ಫಾಂಟ್ ಹಾಕಿಕೊಂಡ ಮೇಲೆ ಓದುವುದೇನೋ ಆಯಿತು. ಬರೆದು ಕಳಿಸುವುದು ಹೇಗೆ? ಯೂನಿಕೋಡ್‌ನಲ್ಲಿ ಕಳಿಸಿದೆ. ಡೆಸ್ಕಿನಿಂದ ಫೋನ್ ಬಂತು: ‘ನುಡೀಲೇ ಕಳಿಸಿ ಸಾರ್, ಪೇಜ್ ಕಟ್ಟೋ ಹೊತ್ತಲ್ಲಿ ಕನ್ವರ್ಟ್ ಮಾಡ್ಕೊಂಡು ಕೂರೋಕಾಗಲ್ಲ.’ ಅವರ ಮಾತೂ ಸುಳ್ಳಲ್ಲ. ಕನ್ವರ್ಟ್ ಮಾಡುವಾಗ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ತಡವಾದ ಸುದ್ದಿ ಅಚ್ಚಾಗುವುದಿಲ್ಲ, ಅಚ್ಚಾಗದ ಸುದ್ದಿಗೆ ದುಡ್ಡಿಲ್ಲ. ಹಾಗಾಗಿ ಡಿಸ್ಕಿನ ಒಂದು ಮೂಲೆಯಲ್ಲಿ ವಿಂಡೋಸ್ ಇನ್ನೂ ಇದೆ. ದಿನವೆಲ್ಲ ಲಿನಕ್ಸ್, ಸಂಜೆ ನುಡಿಗಾಗಿ ಅರ್ಧ ಗಂಟೆ ವಿಂಡೋಸ್.

ಪೇಜ್‌ಮೇಕರ್ ಕಾಲದಲ್ಲಿ ಆಸ್ಕಿ ಬಿಟ್ಟರೆ ಗತಿಯಿರಲಿಲ್ಲ. ಈಗ ನುಡಿಯ ಹೊಸ ಆವೃತ್ತಿಗಳಲ್ಲೇ ಯೂನಿಕೋಡ್ ಇದೆ. ಆದರೂ ಹಳೇ ಅಭ್ಯಾಸ ಹೋಗಿಲ್ಲ. ಬಡವನ ಲ್ಯಾಪ್‌ಟಾಪಿಗೆ ಪುಕ್ಕಟೆ ಲಿನಕ್ಸ್ ಸಿಕ್ಕರೂ ಈ ಅಭ್ಯಾಸವೇ ನಮ್ಮನ್ನು ಮತ್ತೆ ವಿಂಡೋಸಿಗೆ ಕಟ್ಟಿಹಾಕುತ್ತದೆ.

ನಿಮ್ಮ ಮನೆಯಲ್ಲೂ ಮೂಲೆಗೆ ಬಿದ್ದ ಲ್ಯಾಪ್‌ಟಾಪ್ ಇದ್ದರೆ ಗುಜರಿಗೆ ಹಾಕಬೇಡಿ. 8 ಜಿಬಿಯ ಖಾಲಿ ಪೆನ್‌ಡ್ರೈವ್ ಸಾಕು, ಅದರಲ್ಲಿ ಮುಂಚೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ. ಫೋಟೊ, ಕಾಗದಪತ್ರ ಬೇರೆ ಕಡೆ ಉಳಿಸಿಕೊಂಡು, ಒಂದು ವಾರ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ, ಒಗ್ಗಿದರೆ ಇನ್‌ಸ್ಟಾಲ್ ಮಾಡಿ. ಪಂಚಾಯ್ತಿಗೆ ಅರ್ಜಿಯೋ, ಸಂಘದ ಕರಪತ್ರವೋ, ಏನೇ ಟೈಪ್ ಮಾಡಿಸಿದರೂ ‘ಯೂನಿಕೋಡ್‌ನಲ್ಲಿ ಮಾಡಿ’ ಅಂತ ಕೇಳಿ. ಹತ್ತು ವರ್ಷ ಬಿಟ್ಟು ತೆರೆದರೂ ಅದು ಕನ್ನಡವಾಗಿಯೇ ಇರುತ್ತದೆ.