ಜಗಳೂರಿನಿಂದ ಶಿವಗಂಗೋತ್ರಿಗೆ

ಜಗಳೂರು ಸೀಮೆಯು ಮಳೆಯ ವಿಷಯದಲ್ಲಿ ಬಡವಾದುದೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿಯೇ. ಕುರುಚಲು ಗುಡ್ಡಗಳು, ಅವುಗಳ ನಡುವೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿಗಳ ಹೊಲಗಳು, ಮುಗಿಲನ್ನೇ ನೆಚ್ಚಿಕೊಂಡಿರುವ ಕೆರೆಗಳು. ರಂಗಯ್ಯನದುರ್ಗದ ಕಾಡಿನ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಮೃಗದಿಂದ ಪರಸ್ಥಳದವರಿಗೂ ಈ ಸೀಮೆಯ ಹೆಸರು ಕೇಳಿಬಂದಿರಬಹುದು. ನಾವೀಗ ಬರೆಯಹೊರಟಿರುವುದು ಅದನ್ನಲ್ಲ. ಇಲ್ಲಿಯ ಮಕ್ಕಳು ವಿಶ್ವವಿದ್ಯಾನಿಲಯಕ್ಕೆ ಹೋಗುವ ಹಾದಿಯನ್ನು ಕುರಿತು.

ಆ ಹಾದಿಯು ಹಿಂದೆ ಬಹು ದೀರ್ಘವಾಗಿದ್ದಿತು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾದ ಮೇಲೆಯೂ ಬಹುಕಾಲ ಇಲ್ಲಿಯವರು ಉನ್ನತ ವ್ಯಾಸಂಗಕ್ಕೆ ಬೆಂಗಳೂರನ್ನೋ ಮೈಸೂರನ್ನೋ ಸೇರಬೇಕಾಗಿದ್ದಿತು. 1979ರಲ್ಲಿ ದಾವಣಗೆರೆಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವಾಯಿತು. 1987ರಲ್ಲಿ ಅದು ಹೊಸದಾಗಿ ಹುಟ್ಟಿದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿತು. 2009ರಲ್ಲಿ ತಾನೇ ದಾವಣಗೆರೆ ವಿಶ್ವವಿದ್ಯಾನಿಲಯವಾಯಿತು. ಇಷ್ಟರ ನಡುವೆ, 1997ರಲ್ಲಿ, ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯನ್ನು ಬಿಟ್ಟು ದಾವಣಗೆರೆ ಜಿಲ್ಲೆಯದಾಗಿದ್ದಿತು. ಹೀಗೆ ವಿದ್ಯೆಯು ಸುಮಾರು 50 ಕಿಲೋಮೀಟರುಗಳಷ್ಟು ಸಮೀಪಕ್ಕೆ ಬಂದಿರುವುದು. ಸಮೀಪಕ್ಕೆ ಬಂದುದೇ ಹೊಸದೊಂದು ತೊಡಕಿಗೂ ಕಾರಣವಾಗಿರುವುದೆಂಬುದನ್ನು ನಮ್ಮ ನೆರೆಯ ಒಕ್ಕಲುಮನೆಯೊಂದರಲ್ಲಿ ಕಂಡೆವು.

ಆ ಮನೆಯ ಹುಡುಗಿ ಜಗಳೂರಿನಲ್ಲಿಯೇ ಬಿ.ಕಾಂ. ಮುಗಿಸಿ, ಎಂ.ಕಾಂ. ತರಗತಿಗೆ ಸೇರತಕ್ಕವಳಾಗಿದ್ದಳು. ಹಾಸ್ಟೆಲ್ಲಿನ ಮಾತು ಬಂದಾಗ ಅಜ್ಜಿಯು, “ಬಸ್ಸಿಗೆ ದುಡ್ಡಿಲ್ಲ, ಮನೇಲಿ ಊಟ ಐತಿ, ಇನ್ನು ಅಲ್ಲಿ ಯಾಕೆ ಇರಬೇಕವ್ವಾ?” ಎಂದರು. ಅಜ್ಜಿಯ ಮಾತು ತೆಗೆದುಹಾಕುವಂತಹುದಲ್ಲ. 2023ನೆಯ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣವು ಹೆಂಗಸರಿಗೆ ಉಚಿತವಾಯಿತು. ಅದರಿಂದ ಎಷ್ಟೋ ಹೆಣ್ಣುಮಕ್ಕಳು ಊರು ದಾಟುವಂತಾದುದು ನಿಜ. ಮನೆಯಲ್ಲಿ ಎಮ್ಮೆ ಕರೆಯುವವಳೂ ಅವಳೇ. ಕೊಳವೆಬಾವಿಯ ಸಾಲವೂ ಇನ್ನೂ ತೀರಿರಲಿಲ್ಲ.

ಪ್ರವೇಶದ ದಿನ ನಾವೂ ಅವರೊಡನೆ ಹೋದೆವು. ಬಸ್ಸು ಬಿಳಿಚೋಡು ದಾಟಿ ದಾವಣಗೆರೆಯನ್ನು ಮುಟ್ಟುವುದು. ಆದರೆ ವಿಶ್ವವಿದ್ಯಾನಿಲಯವಿರುವುದು ಊರೊಳಗಲ್ಲ, ತೋಳಹುಣಸೆಯ ಬಳಿಯ ಶಿವಗಂಗೋತ್ರಿಯಲ್ಲಿ. ಇಳಿದು ಮತ್ತೊಂದು ಬಸ್ಸಿಗೆ ಕಾಯಬೇಕು. ಅಂಕಪಟ್ಟಿಗಳು, ವರ್ಗಾವಣೆ ಪತ್ರ, ತಾಲ್ಲೂಕಿನಿಂದ ಪಡೆದ ಜಾತಿ ಮತ್ತು ಆದಾಯದ ಪತ್ರಗಳು, ಆಧಾರ್, ಬ್ಯಾಂಕಿನ ಪುಸ್ತಕ ಇವೆಲ್ಲದರ ನಕಲುಗಳನ್ನು ಮೂರು ಮೂರು ಪ್ರತಿಯಾಗಿ ಒಯ್ದುದು ಒಳ್ಳೆಯದಾಯಿತು. ಆದಾಯದ ಪತ್ರದ ಅವಧಿ ಮುಗಿದಿಲ್ಲವೆಂಬುದನ್ನು ಗೃಹಸ್ಥರು ಮೊದಲೇ ನೋಡಿಕೊಳ್ಳತಕ್ಕದ್ದು. ವಿದ್ಯಾರ್ಥಿವೇತನಕ್ಕೆ ಆಧಾರ ಅದೇ. ಕಿರಿಯರನ್ನು ಪೀಡಿಸುವುದಿಲ್ಲವೆಂಬ ಮುಚ್ಚಳಿಕೆಗೆ ವಿದ್ಯಾರ್ಥಿಯೂ ತಂದೆತಾಯಿಗಳೂ ಸಹಿ ಹಾಕಬೇಕೆಂಬುದು 2009ರ ಯುಜಿಸಿ ನಿಯಮ. ತಂದೆಯು ಆ ಕಾಗದವನ್ನು ಎರಡು ಸಲ ಓದಿಸಿಕೊಂಡ ಬಳಿಕವೇ ಸಹಿ ಮಾಡಿದರು. ಸಾಲಪತ್ರಗಳಿಗೆ ಸಹಿ ಮಾಡಿದ ಕೈ!

ಸರ್ಕಾರಿ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿದರೂ ಆಯ್ಕೆಯ ಪಟ್ಟಿ ಬರುವವರೆಗೆ ಅವಳು ಮೂರು ವಾರ ಊರಿನಿಂದಲೇ ಓಡಾಡಿದಳು. ಬೆಳಗಿನ ಜಾವ ಎಮ್ಮೆ ಕರೆದು ಆರು ಗಂಟೆಗೆ ಹೊರಟರೆ ಮನೆ ಸೇರುವಾಗ ದೀಪ ಹಚ್ಚಿರುತ್ತಿದ್ದಿತು. ಪಾಠಗಳೆಲ್ಲವೂ ಇಂಗ್ಲಿಷಿನಲ್ಲಿ, ಬಿ.ಕಾಂ.ವರೆಗೆ ಕನ್ನಡದಲ್ಲಿ ಓದಿದವಳಿಗೆ ಲೆಕ್ಕವು ತಿಳಿಯುವುದು, ಲೆಕ್ಕದ ಸುತ್ತಲಿನ ಮಾತು ತಿಳಿಯದು. ಸಹಪಾಠಿಗಳು ತರಗತಿ ಮುಗಿದ ಮೇಲೆ ಗ್ರಂಥಾಲಯದಲ್ಲಿ ಒಟ್ಟಾಗಿ ಕುಳಿತು ಅಂದಿನ ಪಾಠವನ್ನು ಕನ್ನಡದಲ್ಲಿ ಬಿಡಿಸಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಇವಳು ಬಸ್ಸಿನ ನಿಲ್ದಾಣದಲ್ಲಿರುತ್ತಿದ್ದಳು. ಹೊಸ ಸ್ಥಳದಲ್ಲಿ ನೆಲೆಗೊಳ್ಳುವುದೆಂದರೆ ಕಟ್ಟಡಗಳ ಗುರುತು ಹಿಡಿಯುವುದಲ್ಲ, ಆ ಸಂಜೆಯ ಗುಂಪಿನಲ್ಲಿ ಒಬ್ಬಳಾಗುವುದೇ ಎಂಬುದು ನಮ್ಮ ಅಭಿಪ್ರಾಯ.

ಮೂರನೆಯ ವಾರದಲ್ಲಿ ಹೆಸರು ಪಟ್ಟಿಯಲ್ಲಿ ಬಂದಿತು. ಮನೆಯಲ್ಲಿ ಮತ್ತೆ ಚರ್ಚೆ ನಡೆಯಿತು. ಹುಡುಗಿಯು ಅಳಲಿಲ್ಲ, ವಾದಿಸಲೂ ಇಲ್ಲ. ಒಂದು ಹಾಳೆಯಲ್ಲಿ ಲೆಕ್ಕ ಬರೆದು ತಂದೆಯ ಮುಂದಿಟ್ಟಳು. ದಿನಕ್ಕೆ ಕಾಯುವುದೂ ಸೇರಿ ನಾಲ್ಕು ತಾಸು, ವಾರಕ್ಕೆ ಆರು ದಿನ, ಒಟ್ಟು ಇಪ್ಪತ್ತನಾಲ್ಕು ತಾಸು. “ಅಪ್ಪಾ, ವಾರದಾಗೆ ಒಂದು ಹಗಲು ಒಂದು ರಾತ್ರಿ ನಾನು ಬಸ್ಸಿನಾಗೇ ಇರ್ತೀನಿ” ಎಂದಳು. ತಂದೆಯವರು ಬಹಳ ಹೊತ್ತು ಆ ಹಾಳೆಯನ್ನು ನೋಡುತ್ತಿದ್ದು, ಟ್ರಂಕನ್ನು ಅಟ್ಟದಿಂದ ಇಳಿಸಲು ಮಗನನ್ನು ಕರೆದರು.

ಟ್ರಂಕಿಗೆ ಹೋದವು ಇಷ್ಟೇ: ಎರಡು ಹೊದಿಕೆ, ಒಂದು ಬೀಗ, ತಟ್ಟೆ ಲೋಟ, ಒಂದು ಇಂಗ್ಲಿಷು-ಕನ್ನಡ ನಿಘಂಟು, ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿಯ ಡಬ್ಬಿ. ಬಕೆಟ್ಟನ್ನು ದಾವಣಗೆರೆಯಲ್ಲಿಯೇ ಕೊಂಡರಾಯಿತು. ಬಸ್ಸಿನಲ್ಲಿ ಅದನ್ನು ಹೊತ್ತೊಯ್ಯುವುದು ವ್ಯರ್ಥ ಶ್ರಮ. ಮೊದಲ ವಾರ ಅವಳು ದಿನಕ್ಕೆ ಎರಡು ಸಲ ಫೋನು ಮಾಡುತ್ತಿದ್ದಳಂತೆ. ಎರಡನೆಯ ವಾರ ಒಂದು ಸಲ. ಮೂರನೆಯ ವಾರ ತಾಯಿಯೇ ಮಾಡಿದಾಗ, ಗ್ರಂಥಾಲಯದಲ್ಲಿರುವೆನೆಂದು ಪಿಸುಮಾತಿನಲ್ಲಿ ಹೇಳಿ ಇಟ್ಟುಬಿಟ್ಟಳಂತೆ. ಚಟ್ನಿಪುಡಿ ಮಾತ್ರ ನಾಲ್ಕೇ ದಿನದಲ್ಲಿ ಮುಗಿಯಿತಂತೆ, ಕೋಣೆಯಲ್ಲಿ ಇನ್ನೂ ಮೂವರಿದ್ದುದರಿಂದ.

ಎಮ್ಮೆಯನ್ನು ಈಗ ತಮ್ಮನು ಕರೆಯುತ್ತಿರುವನು. ಅವನ ಕೈಗೆ ಅದು ಮೊದಲಿನಷ್ಟು ಹಾಲು ಬಿಡುತ್ತಿಲ್ಲವೆಂದು ಅಜ್ಜಿಯು ದಿನವೂ ಗೊಣಗುವರು. ಗೊಣಗುತ್ತಲೇ ಭಾನುವಾರದ ಬಸ್ಸಿಗೆ ಕಳುಹಿಸಲು ಎರಡು ಸೇರು ಶೇಂಗಾ ಹುರಿಯುತ್ತಿದ್ದುದನ್ನು ನಾವು ಕಂಡೆವು.